‘ಬೇರೇನೂ ಇಲ್ಲ ಮೇಡಂ’ ಎಂದ ಮಳೆಗಾಲ

ಕಳೆದ ತಿಂಗಳು ತರಬೇತಿಗೆಂದು ಅಫಜಲಪುರದಿಂದ ಜೇವರ್ಗಿಗೆ ಬಸ್ಸಿನಲ್ಲಿ ಹೋಗಬೇಕಾಯಿತು. ನೆಲೋಗಿ ಬರುವ ಹೊತ್ತಿಗೆ ಮಳೆ ಹಿಡಿಯಿತು. ಎರೆಮಣ್ಣು ನೆನೆದ ವಾಸನೆ ಕಿಟಕಿಯಿಂದ ಒಳಗೆ ಬಂತು. ಬಸ್ಸು ನಿಂತು ನಾಲ್ಕಾರು ಜನ ಹತ್ತುವಾಗ ನಾನು ದುಪಟ್ಟಾವನ್ನು ಮುಖ ಮುಚ್ಚುವಷ್ಟು ಮುಂದಕ್ಕೆ ಎಳೆದುಕೊಂಡು, ನಿದ್ದೆ ಬಂದವಳ ಹಾಗೆ ತಲೆ ವಾಲಿಸಿ ಕುಳಿತೆ. ನನ್ನ ಗುರುತಿನವರು ಯಾರೂ ಹತ್ತಲಿಲ್ಲ. ಹತ್ತಿದ್ದರೂ ಯಾರೂ ಬೈಯುತ್ತಿರಲಿಲ್ಲ. ‘ಅಯ್ಯ, ನಮ್ಮ ಸಿಸ್ಟರ್! ಆರಾಮ ಅದೀರಿಲ್ರಿ?’ ಎಂದು ಪಕ್ಕದಲ್ಲಿ ಬಂದು ಕೂರುತ್ತಿದ್ದರು. ನನಗೆ ತಾಳಲಾಗದ್ದು ಅದೇ.

ನೆಲೋಗಿಯಿಂದ ಒಳದಾರಿ ಹಿಡಿದರೆ ಸಿಗುವ ಒಂದು ಹಳ್ಳಿಯಲ್ಲಿ ನಾಲ್ಕು ವರ್ಷದ ಹಿಂದೆ ನಾನಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ತಪ್ಪು ಊರಿನದಾಗಿರಲಿಲ್ಲ. ಮುಂದೆ ಬರುವ ನೀಲಮ್ಮ ಎಂಬುದೂ ಆಕೆಯ ನಿಜವಾದ ಹೆಸರಲ್ಲ.

ನಾನು ಆಳಂದ ತಾಲ್ಲೂಕಿನ ಹಿರೋಳ್ಳಿಯವಳು. ನರ್ಸಿಂಗ್ ಓದಿ, ಅದರ ಮೇಲೆ ಆರು ತಿಂಗಳ ತರಬೇತಿ ಮುಗಿಸಿ, ಸಮುದಾಯ ಆರೋಗ್ಯ ಅಧಿಕಾರಿ ಎಂಬ ಉದ್ದನೆಯ ಹೆಸರಿನ ಕೆಲಸಕ್ಕೆ ಆ ಊರಿಗೆ ಹೋದದ್ದು ಜೂನಿನಲ್ಲಿ ಮಿರಗ ಮಳೆ ಬಿದ್ದ ವಾರ. ಊರವರು ಆ ಹೆಸರನ್ನು ಪಕ್ಕಕ್ಕಿಟ್ಟು ಸಿಸ್ಟರ್ ಎಂದು ಕರೆದರು. ಕೇಂದ್ರವೆಂದರೆ ಎರಡು ಕೋಣೆ, ಮುಂದೆ ತಗಡು ಹೊದೆಸಿದ ಪಡಸಾಲೆ, ಅಲ್ಲಿ ಒಂದು ಉದ್ದನೆಯ ಬೆಂಚು. ನನ್ನ ಮೇಜನ್ನು ಕಿಟಕಿಗೆ ಒತ್ತಿ ಹಾಕಿಕೊಂಡಿದ್ದೆ, ಏಕೆಂದರೆ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ಬೆಂಚು ಇದ್ದದ್ದು ಅದೇ ಕಿಟಕಿಯ ಆಚೆ.

ಸಕ್ಕರೆ ಕಾಯಿಲೆ, ಬಿಪಿ ಇರುವವರನ್ನು ಕರೆಸಿ, ಬೆರಳು ಚುಚ್ಚಿ ನೋಡಿ, ಟ್ಯಾಬ್ಲೆಟ್ಟಿನ ಪರದೆಯ ಮುಂದೆ ಕೂರಿಸಿ ದೂರದ ಡಾಕ್ಟರ ಜೊತೆ ಮಾತಾಡಿಸುವುದು ನನ್ನ ಮುಖ್ಯ ಕೆಲಸ. ಮೊದಲು ರೋಗಿಯ ತೊಂದರೆಯೇನೆಂದು ನಾನು ಇಂಗ್ಲಿಷಿನಲ್ಲಿ ಬರೆದು ಕಳಿಸಬೇಕು, ಆಮೇಲೆ ಪರದೆಯ ಮೇಲೆ ಡಾಕ್ಟರು ಬರುತ್ತಾರೆ. ನಮಗೆ ಹೆಚ್ಚಾಗಿ ಸಿಗುತ್ತಿದ್ದವರು ಮೈಸೂರು ಕಡೆಯ ಕನ್ನಡ ಆಡುವ ಒಬ್ಬ ಡಾಕ್ಟರಮ್ಮ. ಒಳ್ಳೆಯ ಹೆಣ್ಣುಮಗಳು, ಆದರೆ ಅವರಿಗೆ ನಮ್ಮ ಜನರ ಮಾತು ಅರ್ಧ ತಿಳಿಯುತ್ತಿತ್ತು, ಅವರ ಮಾತು ನಮ್ಮವರಿಗೆ ಅರ್ಧ. ಉಳಿದರ್ಧ ನನ್ನ ಕೈಯಲ್ಲಿತ್ತು. ಅದೆಷ್ಟು ದೊಡ್ಡ ಅಧಿಕಾರವೆಂದು ಆಗ ನನಗೆ ಹೊಳೆದಿರಲಿಲ್ಲ.

ಮೊದಲ ವಾರ ಬಂದವರಲ್ಲಿ ಗೌರವ್ವ ಎಂಬ ಮುದುಕಿ ಪರದೆ ಕಂಡವಳೇ ಎದ್ದು ನಿಂತಳು. “ಆ ಅವ್ವಗ ನಾ ಕಾಣ್ತೇನೇನ್ರಿ?” ಹೌದೆಂದೆ. “ಹಂಗಾದ್ರ ತಡೀರಿ,” ಎಂದು ಗೋಡೆಯ ಕಡೆ ತಿರುಗಿ ಸೆರಗು ಸರಿಮಾಡಿಕೊಂಡು ಕುಳಿತು, ಡಾಕ್ಟರು ಕೇಳುವ ಮೊದಲೇ “ಊಟ ಆತೇನವ್ವ?” ಎಂದು ವಿಚಾರಿಸಿದಳು. ಬಸ್ ಕಂಡಕ್ಟರಾಗಿ ನಿವೃತ್ತನಾದ ಶರಣಪ್ಪನಿಗೆ ಮಾತ್ರ ಇದು ಹಿಡಿಸಲಿಲ್ಲ. ಆತ ಹೊರಗೆ ಬಂದು, ನಮ್ಮ ಆಶಾ ಕಾರ್ಯಕರ್ತೆ ಮಹಾದೇವಿಯನ್ನು ಹಿಡಿದುಕೊಂಡ.

“ನಾಡಿ ಹಿಡೀಲಿಲ್ಲ, ಹೊಟ್ಟಿ ಒತ್ತಿ ನೋಡಲಿಲ್ಲ, ಇದೆಂಥಾ ಡಾಕ್ಟರಕಿ ಬೇ? ಟಿಕೀಟ್ ಹರೀಲಾರದ ಸೀಟಿ ಊದಿದಂಗಾತು!”

“ಡಾಕ್ಟರು ಬೆಂಗಳೂರಾಗ ಕುಂತು ನಿನ್ನ ಹೊಟ್ಟಿ ಹ್ಯಾಂಗ ಒತ್ತಬೇಕೋ ಯಣ್ಣಾ?” ಎಂದಳು ಮಹಾದೇವಿ. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಆದರೂ ಶರಣಪ್ಪ ಪ್ರತಿ ಮಂಗಳವಾರ ತಪ್ಪದೆ ಬರುತ್ತಿದ್ದ. ಮಾತ್ರೆಗೆ ಬರುತ್ತಿದ್ದನೋ ಬೆಂಚಿಗೆ ಬರುತ್ತಿದ್ದನೋ, ಹೇಳುವುದು ಕಷ್ಟ.

ನೀಲಮ್ಮ ಬಂದದ್ದು ಮೂರನೆಯ ವಾರ. ಊರ ಸಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುತ್ತಿದ್ದ ಹೆಂಗಸು. ವಯಸ್ಸು ನಲವತ್ತೈದರ ಹತ್ತಿರ. ಗಂಡ ತೀರಿ ಹೋಗಿ ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ಯಡ್ರಾಮಿಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು. ಮಧ್ಯಾಹ್ನ ಪಾತ್ರೆ ತಿಕ್ಕಿಟ್ಟು ನೇರ ಬಂದಿದ್ದರಿಂದ ಆಕೆಯ ಸೀರೆಗೆ ಒಗ್ಗರಣೆ ಮತ್ತು ಹೊಗೆಯ ವಾಸನೆ ಇತ್ತು.

“ಜೇವರ್ಗಿ ದವಾಖಾನಿಗೆ ಹೋದ್ರ ಒಂದಿನ ಸಾಲಿ ಬಿಡಬೇಕ್ರಿ ಸಿಸ್ಟರ್. ಮಕ್ಕಳಿಗಿ ಅನ್ನ ಯಾರ ಮಾಡ್ತಾರ? ಅದಕ್ಕ ಎರಡ್ ವರ್ಷಾತು ಹೋಗೇ ಇಲ್ಲ. ಇಲ್ಲೇ ಕುಂತು ತೋರಸಬೋದು ಅಂತ ಮಹಾದೇವಿ ಹೇಳಿದ್ಳು,” ಎಂದಳು. ಆಮೇಲೆ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕೇಳಿದಳು: “ನನಗ ಸಕ್ರಿ ಬ್ಯಾನಿ ಅದ ಅಂತ ಊರಾಗ ಯಾರಿಗೂ ಗೊತ್ತಿಲ್ಲ. ಇದ್ರಾಗ ಮಾತಾಡಿದ್ರ ಗೊತ್ತಾಗಂಗಿಲ್ಲಲ್ರಿ?”

“ಯಾರಿಗೂ ಗೊತ್ತಾಗಂಗಿಲ್ಲಕ್ಕ, ನಾ ಅದೀನಲ್ಲ,” ಎಂದೆ.

ಡಾಕ್ಟರು ಬಂದರು. ಒಂದೊಂದೇ ಕೇಳುತ್ತ, ಮೂತ್ರದ ಜಾಗದಲ್ಲಿ ತುರಿಕೆ, ಉರಿ ಏನಾದರೂ ಇದೆಯೇ ಎಂದು ಕೇಳಿದರು. ನೀಲಮ್ಮ ತುಟಿ ಅಲುಗಿಸಿದಳೇ ಹೊರತು ಧ್ವನಿ ಹೊರಡಲಿಲ್ಲ. ಡಾಕ್ಟರು “ಕೇಳಿಸ್ತಿಲ್ಲಮ್ಮ” ಎಂದರು. ಆವತ್ತು ನೆಟ್‌ವರ್ಕ್ ಹೋಗಿ ಬಂದು ಮಾಡುತ್ತಿತ್ತು, ಹೊರಗೆ ಜನ ಕಾಯುತ್ತಿದ್ದರು. “ಜೋರಾಗಿ ಹೇಳ್ರಕ್ಕ, ನಾಚಿಕೊಂಡ್ರ ಹ್ಯಾಂಗ?” ಎಂದು ನಾನು ಗದರಿದೆ. ಆಕೆ ಇನ್ನೊಮ್ಮೆ ಪಿಸುಗುಟ್ಟಿದಳು. ಆಗ ನಾನೇ ಪರದೆಯ ಕಡೆ ಬಾಗಿ, ಆಕೆ ಹೇಳಿದ್ದನ್ನು, ಶುಗರ್ ಎಷ್ಟು ಹೆಚ್ಚಿದೆ ಎಂಬುದನ್ನೂ ಸೇರಿಸಿ, ಗಟ್ಟಿಯಾಗಿ ಹೇಳಿಬಿಟ್ಟೆ. ಕಿಟಕಿಯ ಆಚೆ ಬೆಂಚು ಒಮ್ಮೆಗೇ ಸುಮ್ಮನಾಯಿತು. ಆ ಸದ್ದಿಲ್ಲದ ಗಳಿಗೆ ನನಗೆ ಕೇಳಿಸಿತ್ತು. ಕೇಳಿಸದವಳ ಹಾಗೆ ಮುಂದಿನ ಚೀಟಿ ಬರೆದೆ.

ಮಾತು ಊರಿಗೆ ಹೋಗಲು ಒಂದು ದಿನವೂ ಹಿಡಿಯಲಿಲ್ಲ. ಇಬ್ಬರು ತಾಯಂದಿರು ಸಾಲೆಗೆ ಹೋಗಿ, ರೋಗದ ಹೆಂಗಸು ಮಾಡಿದ ಅನ್ನ ಮಕ್ಕಳಿಗೆ ಬೇಡ ಎಂದರಂತೆ. ಇದು ಅಂಟುವ ರೋಗವಲ್ಲವೆಂದು ಹೆಡ್‌ಮಾಸ್ತರರು ತಿಳಿಹೇಳಿ ಕಳಿಸಿದರಂತೆ. ನಾನು ಆ ಇಬ್ಬರ ಮನೆಗೆ ಹೋಗಿ ಹೇಳಬೇಕಿತ್ತು. ನಾಳೆ ಹೋದರಾಯಿತು ಎಂದುಕೊಂಡೆ, ಹೋಗಲಿಲ್ಲ.

ಆದರೂ ನೀಲಮ್ಮ ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಮಾತ್ರೆ ಹಿಡಿಸಿತು, ಶುಗರ್ ಇಳಿಯಿತು. ಮುಂದಿನ ವಾರ ಕಟಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟಳು. “ಒಬ್ಬರೇ ಇರ್ತೀರಿ, ಏನ್ ಮಾಡ್ಕೋತೀರೋ ಏನೋ,” ಎಂದಳು. ಗಂಟು ಬಿಚ್ಚುವಾಗ ಆಕೆಯ ಬಲಗೈ ಬೆರಳುಗಳ ತುದಿಯಲ್ಲಿ ಸುಟ್ಟ ಬೊಬ್ಬೆಗಳು ಕಂಡವು. “ಬಿಸಿ ಬುಗುಣಿ ಹಿಡಿದ್ರ ಗೊತ್ತೇ ಆಗಲ್ರಿ ಈಗೀಗ. ಕಾಲೂ ಹಂಗೇ, ಜೋಮ ಹಿಡದಂಗ,” ಎಂದು ನಕ್ಕಳು. ನರಗಳಿಗೆ ಪೆಟ್ಟು ಬಿದ್ದಿರುವ ಲಕ್ಷಣ ಅದು. ಪುಸ್ತಕದಲ್ಲಿ ಓದಿದ್ದೆ. ಮುಂದಿನ ಸಲ ಡಾಕ್ಟರಿಗೆ ಹೇಳೋಣ ಎಂದುಕೊಂಡು ರೊಟ್ಟಿ ತಿಂದೆ.

ಆಷಾಢ ಕಳೆಯುವಷ್ಟರಲ್ಲಿ ನನಗೊಂದು ಹುಚ್ಚು ಹಿಡಿದಿತ್ತು. ಜೇವರ್ಗಿಯಲ್ಲಿ ತಿಂಗಳಿಗೊಮ್ಮೆ ಸಭೆ ನಡೆಯುತ್ತಿತ್ತು. ಯಾವ ಕೇಂದ್ರದಿಂದ ಎಷ್ಟು ಜನರನ್ನು ಪರದೆಯ ಮುಂದೆ ಕೂರಿಸಿದ್ದಾರೆಂದು ಎಲ್ಲರೆದುರು ಓದುತ್ತಿದ್ದರು. ಮೊದಲ ಸಭೆಯಲ್ಲಿ ನನ್ನ ಹೆಸರು ನಡುವೆಲ್ಲೋ ಬಂತು, ಎರಡನೆಯದರಲ್ಲಿ ಮೇಲೆ ಬಂತು. ನನ್ನ ಜೊತೆ ಓದಿದವರು ತಿರುಗಿ ನೋಡಿದರು. ಆ ನೋಟದ ರುಚಿ ಹತ್ತಿತು. ಹೀಗೇ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೇ ಓಡತೊಡಗಿದೆ.

ಅದೇ ಹೊತ್ತಿಗೆ ಇನ್ನೊಂದು ಕಾಗದ ಬಂದಿತ್ತು. ಸಕ್ಕರೆ ಕಾಯಿಲೆ ಇರುವವರ ಮನಸ್ಸು ಹೇಗಿದೆ ಎಂದು ತಿಳಿಯಲು ಒಂಬತ್ತು ಪ್ರಶ್ನೆ. ಎರಡು ವಾರದಿಂದ ಯಾವುದರಲ್ಲೂ ಆಸಕ್ತಿ ಇಲ್ಲವೆನಿಸಿದೆಯೇ, ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ತಾನು ಯಾರಿಗೂ ಬೇಡವಾದವಳು ಅನಿಸುತ್ತದೆಯೇ. ಕೊನೆಯದು, ಇರುವುದಕ್ಕಿಂತ ಸಾಯುವುದು ಮೇಲು ಎಂದು ಅನಿಸಿದೆಯೇ. ಒಬ್ಬೊಬ್ಬರನ್ನೂ ಕೂರಿಸಿಕೊಂಡು ಕೇಳಬೇಕು. ಮೊದಲ ದಿನ ಶರಣಪ್ಪನಿಗೆ ಕೇಳಿದೆ. “ನನಗೇನ್ ಹುಚ್ಚ ಹಿಡದಾದೇನ್ರಿ?” ಎಂದು ಎದ್ದೇ ಹೋದ. ಆಮೇಲೆ ನಾನು ಯಾರನ್ನೂ ಕೇಳಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಎಲ್ಲರ ಹಾಳೆಗಳನ್ನು ಮುಂದೆ ಹರಡಿಕೊಂಡು, ‘ಇಲ್ಲ’ ಎಂಬ ಸಾಲಿನಲ್ಲಿ ಮೇಲಿನಿಂದ ಕೆಳಗೆ ಒಂಬತ್ತು ಗುರುತು ಹಾಕುತ್ತ ಹೋದೆ. ಗೌರವ್ವನಿಗೆ ಒಂಬತ್ತು ಇಲ್ಲ, ಶರಣಪ್ಪನಿಗೆ ಒಂಬತ್ತು ಇಲ್ಲ. ನೀಲಮ್ಮನಿಗೂ ಅಷ್ಟೇ.

ಶ್ರಾವಣದ ಒಂದು ಮಂಗಳವಾರ. ಮೂರು ದಿನದಿಂದ ಜಿಟಿಜಿಟಿ ಮಳೆ ಹಿಡಿದು ತೊಗರಿ ಹೊಲದಲ್ಲಿ ಕಳೆ ತೆಗೆಯುವ ಕೆಲಸ ನಿಂತಿತ್ತು. ಹಾಗಾಗಿ ಜನವೆಲ್ಲ ಕೇಂದ್ರಕ್ಕೆ ಬಂದಿದ್ದರು. ಬೆಂಚು ತುಂಬಿ, ಉಳಿದವರು ಗೋಡೆಗೆ ಒರಗಿ ನಿಂತಿದ್ದರು. ತಿಂಗಳ ಸಭೆಗೆ ಮೂರು ದಿನ ಉಳಿದಿತ್ತು. ನೀಲಮ್ಮ ಬಂದಾಗ ಮೂರೂವರೆ ದಾಟಿತ್ತು. ಆಕೆ ಸೊರಗಿದ್ದಳು. ಬೆರಳು ಚುಚ್ಚಿದೆ, ಶುಗರ್ ಮತ್ತೆ ಏರಿತ್ತು.

“ಗುಳಗಿ ಬಿಟ್ಟೀರೇನಕ್ಕ?”

ಆಕೆ ತಲೆ ತಗ್ಗಿಸಿದಳು. ನಾನು ಟ್ಯಾಬ್ಲೆಟ್ಟಿನಲ್ಲಿ ಹೆಸರು, ವಯಸ್ಸು ತುಂಬುತ್ತಿದ್ದೆ. ಆಕೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಕಿಟಕಿಯ ಕಡೆ ಬೆನ್ನು ಮಾಡಿ, ಬಹಳ ಸಣ್ಣ ಧ್ವನಿಯಲ್ಲಿ ಹೇಳತೊಡಗಿದಳು.

“ಬಿಟ್ಟೇನಂತಲ್ರಿ ಸಿಸ್ಟರ್. ಮುಂಜಾನಿ ಗುಳಗಿ ಕೈಯಾಗ ಹಿಡಕೊಂಡು ಕುಂದರ್ತೇನಿ. ನುಂಗಾಕ ಮನಸ ಬರಂಗಿಲ್ಲ. ಯಾಕ ನುಂಗಬೇಕು, ಯಾರ ಸಲುವಾಗಿ ಅಂತನಸ್ತದ. ಮಗಳ ಸಲುವಾಗಿ ಅಂದ್ಕೋತೇನಿ. ಆದ್ರ ನಾನಿದ್ರ ಆಕಿಗೀ ತ್ರಾಸೇ ಅಲ್ರಿ? ಮೊನ್ನಿ ಸಾಲ್ಯಾಗ ಒಂದ್ ಕೂಸು ತಾಟ ಹಿಂದಕ್ಕ ಸರಿಸ್ತು. ನಮ್ಮವ್ವ ನಿನ್ನ ಕೈಯಿಂದ ಉಣಬ್ಯಾಡ ಅಂದಾಳ ಅಂತು. ಅವತ್ತಿನಿಂದ ಒಲಿ ಹಚ್ಚಾಕ ಕೈ ಏಳಂಗಿಲ್ಲ. ನಿದ್ದಿ ಇಲ್ಲ. ಜೀವನೇ ಬ್ಯಾಸರಾಗ್ಯಾದ. ಹಂಗೇ ಮಕ್ಕೊಂಡು ಏಳಲಾರದಂಗಾದ್ರ ಚಲೋ ಅಂತ...”

ಆ ಕೂಸು ತಟ್ಟೆ ಸರಿಸಿದ್ದು ಯಾರಿಂದಾಗಿ ಎಂಬುದು ನನಗೆ ಆ ಕ್ಷಣವೇ ಗೊತ್ತಾಯಿತು. ಒಂಬತ್ತು ಪ್ರಶ್ನೆಗಳಲ್ಲಿ ಐದಾರಕ್ಕೆ ಆಕೆ ನಾನು ಕೇಳದೆಯೇ ಉತ್ತರ ಕೊಟ್ಟಿದ್ದಳು, ಕೊನೆಯದಕ್ಕೂ. ನನ್ನ ಬೆರಳು ‘ತೊಂದರೆ’ ಎಂಬ ಖಾನೆಯ ಮೇಲಿತ್ತು. ಆಕೆ ಹೇಳಿದ್ದನ್ನು ಬರೆದರೆ ಹಾಳೆಯಲ್ಲಿ ಹಾಕಿದ ಗುರುತುಗಳು ಸುಳ್ಳೆಂದು ತಿಳಿಯುತ್ತದೆ. ಮನೋವೈದ್ಯರಿಗೆ ಫೋನು, ಇನ್ನೊಂದು ನಮೂನೆ, ಮನೆಗೆ ಭೇಟಿ ಎಲ್ಲ ಬರುತ್ತದೆ. ಹೊರಗೆ ಇನ್ನೂ ಅಷ್ಟು ಜನ ಇದ್ದರು. ಇವೆಲ್ಲ ನಿಜವೇ. ಆದರೆ ಇವೆಲ್ಲಕ್ಕಿಂತ ಹೆಚ್ಚಾಗಿ ನನಗೆ ಆಕೆಯ ಮಾತಿನಿಂದ ಎದ್ದು ಓಡಬೇಕೆನಿಸಿತ್ತು. ಖಾನೆಯಲ್ಲಿ ‘ವೀಕ್‌ನೆಸ್’ ಎಂದು ಇಂಗ್ಲಿಷಿನಲ್ಲಿ ಒಂದು ಶಬ್ದ ಬರೆದು ಕಳಿಸಿದೆ.

ಡಾಕ್ಟರು ಬಂದರು. “ಏನಮ್ಮ, ತುಂಬಾ ಸುಸ್ತಾ? ಮಾತ್ರೆ ತಪ್ಪಿಸ್ಬೇಡಿ. ಬೇರೆ ಏನಾದ್ರೂ ತೊಂದರೆ ಇದೆಯಾ?”

ನೀಲಮ್ಮ ನನ್ನ ಮುಖ ನೋಡಿದಳು. ಆಮೇಲೆ ಪರದೆಯ ಕಡೆ ತಿರುಗಿ ಬಾಯಿ ತೆರೆದಳು. ಅಷ್ಟರಲ್ಲಿ ನಾನು ಹೇಳಿಬಿಟ್ಟೆ:

“ಬೇರೇನೂ ಇಲ್ಲ ಮೇಡಂ.”

ಡಾಕ್ಟರು ಮಾತ್ರೆಯ ಪ್ರಮಾಣ ಹೆಚ್ಚಿಸಿದರು, ಶಕ್ತಿಯ ಗುಳಿಗೆ ಬರೆದರು, ಪರದೆ ಖಾಲಿಯಾಯಿತು. ಆಕೆ ಗುಳಿಗೆಯ ಪೊಟ್ಟಣ ಸೆರಗಿನಲ್ಲಿ ಕಟ್ಟಿಕೊಂಡು, “ಬರ್ತೇನ್ರಿ ಸಿಸ್ಟರ್,” ಎಂದು ಹೋದಳು. ಸ್ವಲ್ಪ ಕುಂಟುತ್ತಿದ್ದಂತೆ ಕಂಡಿತು. ಕರೆದು ಕಾಲು ತೋರಿಸಿ ಎನ್ನಲಿಲ್ಲ. ಮುಂದಿನವರನ್ನು ಕರೆದೆ.

ಶುಕ್ರವಾರ ಸಭೆಯಲ್ಲಿ ನನ್ನ ಹೆಸರನ್ನು ಎಲ್ಲರಿಗಿಂತ ಮೊದಲು ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಒಂದು ಗುಲಾಬಿ ಕೊಟ್ಟರು. ಮನಸ್ಸಿನ ಪ್ರಶ್ನೆಗಳ ಹಾಳೆಯನ್ನೂ ಪೂರ್ತಿ ಮುಗಿಸಿದವಳು ನಾನೊಬ್ಬಳೇ. “ಹೇಗೆ ಮಾಡಿದ್ರಿ, ಉಳಿದವರಿಗೆ ಸ್ವಲ್ಪ ಹೇಳಿ,” ಎಂದು ತಾಲ್ಲೂಕಿನ ವೈದ್ಯಾಧಿಕಾರಿಗಳು ಕೇಳಿದರು. ನಾನು ಎದ್ದು ನಿಂತು, ಜನರ ವಿಶ್ವಾಸ ಗಳಿಸಬೇಕು ಸರ್ ಎಂದೆ. ಈ ಒಂದು ವಾಕ್ಯ ನೆನಪಾದರೆ ಈಗಲೂ, ಪಾತ್ರೆ ತೊಳೆಯುತ್ತಿರಲಿ, ಬಸ್ಸಿನಲ್ಲಿರಲಿ, ನನ್ನ ಬಾಯಿಂದ ‘ಥೂ’ ಎಂದು ಹೊರಬೀಳುತ್ತದೆ. ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ.

ಸೋಮವಾರ ಬೆಳಿಗ್ಗೆ ಮಹಾದೇವಿ ಓಡಿ ಬಂದಳು. “ಸಿಸ್ಟರ್, ನೀಲಮ್ಮಕ್ಕ ಸಾಲಿಗಿ ಬಂದಿಲ್ಲಂತ. ಬಾಗಲಾ ಬಡದ್ರ ಹ್ಞೂಂ ಅಂತಾಳ, ಏಳವಲ್ಲಳು. ಬರ್ರಿ ಜಲ್ದಿ.”

ಬಾಗಿಲಿಗೆ ಅಗಳಿ ಹಾಕಿತ್ತು. ಶರಣಪ್ಪ ಹೆಗಲು ಕೊಟ್ಟು ತಳ್ಳಿದ. ನೀಲಮ್ಮ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು. ಕೋಣೆಯಲ್ಲೆಲ್ಲ ಕೊಳೆತ ವಾಸನೆ. ಬಲಗಾಲಿಗೆ ಸುತ್ತಿದ್ದ ಹಳೆಯ ಸೀರೆಯ ಚೂರನ್ನು ನಾನು ಬಿಚ್ಚಿದೆ. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳು ಕಪ್ಪಾಗಿದ್ದವು. ಒಲೆಯ ಕೆಂಡ ತುಳಿದದ್ದು ಆಕೆಗೆ ಗೊತ್ತೇ ಆಗಿರಲಿಲ್ಲವೆಂದು ಆಮೇಲೆ ತಿಳಿಯಿತು. ಗೊತ್ತಾದ ಮೇಲೆ, ಸಾಲೆಯವರಿಗೆ ತಿಳಿದರೆ ಬಿಡಿಸಿಬಿಡುತ್ತಾರೆಂದು ಮುಚ್ಚಿಟ್ಟಿದ್ದಳು. ಸಾಸಿವೆಯ ಡಬ್ಬಿಯ ಪಕ್ಕದಲ್ಲಿ ನಾನು ಕೊಟ್ಟ ಗುಳಿಗೆಗಳೆಲ್ಲ ಪೊಟ್ಟಣ ಸಮೇತ ಹಾಗೆಯೇ ಇದ್ದವು. ಮಂಗಳವಾರ ಕೊಟ್ಟವೂ ಇದ್ದವು, ಅದಕ್ಕಿಂತ ಹಿಂದಿನವೂ ಇದ್ದವು.

ಆಂಬುಲೆನ್ಸಿನಲ್ಲಿ ಕಲಬುರಗಿಗೆ ಹೋಗುವಾಗ ಆಕೆಯ ತಲೆ ನನ್ನ ತೊಡೆಯ ಮೇಲಿತ್ತು. ಮಹಾದೇವಿ ದಾರಿಯುದ್ದಕ್ಕೂ ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ. ನಾನು ಯೋಚಿಸುತ್ತಿದ್ದದ್ದು, ಮಂಗಳವಾರ ಆಕೆ ಹೇಳಿದ್ದನ್ನು ಬೇರೆ ಯಾರಾದರೂ ಕೇಳಿಸಿಕೊಂಡರೇ ಎಂದು.

ಎರಡು ಬೆರಳು ತೆಗೆದರು. ಜೀವ ಉಳಿಯಿತು. ನಾಲ್ಕನೆಯ ದಿನ ತಾಲ್ಲೂಕಿನ ವೈದ್ಯಾಧಿಕಾರಿಗಳು ಆಸ್ಪತ್ರೆಗೆ ಬಂದರು. ಕೈಯಲ್ಲಿ ನನ್ನ ಹಾಳೆಯ ಪ್ರತಿ ಇತ್ತು. ಮಂಚದ ಪಕ್ಕದಲ್ಲಿ ಯಡ್ರಾಮಿಯಿಂದ ಓಡಿ ಬಂದಿದ್ದ ಮಗಳು ನಿಂತಿದ್ದಳು. ಅವರು ಮೊದಲು ನನ್ನನ್ನು ಕೇಳಿದರು: “ಗುಳಿಗೆ ಬಿಟ್ಟು ಇಷ್ಟು ದಿನ ಆಗಿದೆ. ಇವರ ಮನಸ್ಸಿನಲ್ಲಿ ಏನಿದೆ ಅಂತ ನಿಮಗೆ ಯಾವತ್ತೂ ಹೇಳಿರಲಿಲ್ಲವಾ?”

“ಇಲ್ಲ ಸರ್,” ಎಂದೆ.

ಅವರು ನೀಲಮ್ಮನ ಕಡೆ ಬಾಗಿದರು. “ಹೌದೇನವ್ವ? ಯಾರಿಗೂ ಹೇಳಿರಲಿಲ್ಲೇನು?”

ಆಕೆ ನನ್ನನ್ನು ನೋಡಿದಳು. ಬಹಳ ಹೊತ್ತೇನಲ್ಲ. ಆಮೇಲೆ ಚಾವಣಿ ನೋಡುತ್ತ ಹೇಳಿದಳು: “ಇಲ್ರಿ ಸಾಹೇಬ್ರ. ನಾನೇ ಯಾರ ಮುಂದೂ ಹೇಳಿಲ್ರಿ.”

ಮಗಳು ತಾಯಿಯ ಕೈ ಹಿಡಿದುಕೊಂಡು, “ಸಿಸ್ಟರ್ ಮುಂದರ ಹೇಳಬಾರದೇನಬೇ ಯವ್ವಾ, ಅವರು ಅಷ್ಟು ಚಲೋ ಅದಾರ,” ಎಂದು ಅತ್ತಳು. ನಾನು ಅಲ್ಲಿಂದ ಎದ್ದು, ಕೊಳಾಯಿಯ ಹತ್ತಿರ ಹೋಗಿ ಬಹಳ ಹೊತ್ತು ಕೈ ತೊಳೆದೆ.

ಆಕೆ ಊರಿಗೆ ಮರಳುವಾಗ ತೊಗರಿ ಮೊಣಕಾಲು ಮೀರಿ ಬೆಳೆದಿತ್ತು. ದಿನ ಬಿಟ್ಟು ದಿನ ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸ ನನ್ನದು. ಮನೆಗೆ ಹೋಗುತ್ತಿದ್ದೆ. ಪಟ್ಟಿ ಬಿಚ್ಚಿ, ತೊಳೆದು, ಔಷಧಿ ಹಚ್ಚಿ ಕಟ್ಟುವವರೆಗೂ ಆಕೆ ಮಾತಾಡುತ್ತಿರಲಿಲ್ಲ. ಚಹಾ ಮಾತ್ರ ಮಾಡಿಸಿ ಕೊಡುತ್ತಿದ್ದಳು. ಮೂರು ಸಲ ಹೀಗೆ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಬಂದೆ. ನಾಲ್ಕನೆಯ ಸಲ, ಆರೈಕೆಗೆಂದು ಉಳಿದಿದ್ದ ಮಗಳು ನೀರಿಗೆ ಹೋಗಿದ್ದಾಗ, ಆಕೆಯ ಪಾದ ನನ್ನ ಕೈಯಲ್ಲಿ ಇರುವಾಗಲೇ ಹೇಳಿದೆ.

“ಅಕ್ಕಾ, ತಪ್ಪು ನಂದದ. ಅವತ್ತು ನೀವು ಅಷ್ಟೆಲ್ಲ ಹೇಳಿದ್ರೂ...”

“ನನಗ ಗೊತ್ತದಲ್ರಿ,” ಎಂದಳು.

ನಾನು ತಲೆ ಎತ್ತಲಿಲ್ಲ.

“ನಾ ಓದಿದಾಕಿ ಅಲ್ಲ. ಆದ್ರ ಕಣ್ಣ ಅವಲ್ರಿ? ನಾ ಅಷ್ಟೆಲ್ಲ ಹೇಳಿದೆ, ನೀವು ಒಂದೇ ಶಬ್ದ ಬರದ್ರಿ. ಇಂಗ್ಲಿಷಿನ್ಯಾಗ ಬರದ್ರ ಎಲ್ಲಾ ಅಷ್ಟೇ ಸಣ್ಣ ಆಗ್ತದೇನೋ ಅಂದ್ಕೊಂಡೆ.” ಸೀರೆಯ ಅಂಚನ್ನು ಗಾಯಕ್ಕೆ ತಾಗದಂತೆ ಸರಿಸಿಕೊಂಡು ಮುಂದುವರಿಸಿದಳು. “ಆಮ್ಯಾಗ ಆ ಡಾಕ್ಟರವ್ವ ಮತ್ತೇನಾದ್ರೂ ಅದನ ಅಂತ ಕೇಳಿದ್ರ, ಇಲ್ಲ ಅಂತ ನೀವೇ ಅಂದ್ರಿ. ನಿಮ್ಮಂಥ ಓದಿದವ್ರು ಇಲ್ಲಂದ ಮ್ಯಾಲ, ನಂದು ಹೇಳೋವಂಥಾದ್ದಲ್ಲ ಬಿಡು ಅನಸ್ತು.”

“ದವಾಖಾನ್ಯಾಗ ಸಾಹೇಬ್ರು ಕೇಳಿದಾಗ ಯಾಕ ಹೇಳಲಿಲ್ಲಕ್ಕ?”

“ನಿಮ್ಮ ಮಾರಿ ಹ್ಯಾಂಗಾಗಿತ್ತು ಗೊತ್ತದೇನು? ಸಣ್ಣ ಹುಡುಗಿ, ದಿಕ್ಕಿಲ್ಲದ ಊರಿಗಿ ಬಂದೀರಿ. ನೌಕರಿ ಹೋದ್ರ?” ಎಂದಳು. ದನಿಯಲ್ಲಿ ಪ್ರೀತಿಯೇನೂ ಇರಲಿಲ್ಲ. “ಅಂದ್ರ ನಿಮ್ಮ ಮ್ಯಾಲ ಸಿಟ್ಟಿಲ್ಲ ಅಂತಲ್ಲ. ಅದ. ಪಟ್ಟಿ ಬಿಗಿ ಆಗ್ಯಾದ, ಸಡ್ಲ ಮಾಡ್ರಿ.”

ಪಟ್ಟಿ ಸಡಿಲಿಸಿ ಮತ್ತೆ ಕಟ್ಟಿದೆ. ಮರುದಿನ ಜೇವರ್ಗಿಗೆ ಹೋಗಿ ವೈದ್ಯಾಧಿಕಾರಿಗಳ ಮುಂದೆ ಎಲ್ಲವನ್ನೂ ಹೇಳಿದೆ. ಹಾಳೆಗಳಲ್ಲಿ ಹಾಕಿದ ಗುರುತುಗಳು, ‘ಬೇರೇನೂ ಇಲ್ಲ’ ಎಂದದ್ದು, ಆಸ್ಪತ್ರೆಯಲ್ಲಿ ಆಡಿದ ಸುಳ್ಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನಗೆ ನೋಟಿಸು ಬಂತು, ವಿಚಾರಣೆ ನಡೆಯಿತು, ಎಲ್ಲ ಹಾಳೆಗಳನ್ನೂ ಮತ್ತೆ ಹೊಸದಾಗಿ ಮಾಡಲು ಹೇಳಿದರು. ಕೆಲಸ ಉಳಿಯಿತು. ಉಳಿದದ್ದಕ್ಕೆ ಸಮಾಧಾನವಾಯಿತು ಎಂಬುದನ್ನೂ ಇಲ್ಲಿ ಮುಚ್ಚಿಡುವುದಿಲ್ಲ. ಮರುವರ್ಷ ಅಫಜಲಪುರ ತಾಲ್ಲೂಕಿಗೆ ನಾನೇ ಕೇಳಿಕೊಂಡು ಬಂದೆ.

ಅದಕ್ಕೆ ಮುಂಚೆ, ಹೊಸ ಹಾಳೆಗಳನ್ನು ಹಿಡಿದುಕೊಂಡು ಆ ಊರಿನಲ್ಲಿ ಮನೆಮನೆಗೆ ಹೋದೆ. ಕೂತು ಕೇಳಿದರೆ ಜನ ಹೇಳುತ್ತಾರೆ. ಹುಚ್ಚು ಹಿಡಿದಿದೆಯೇನ್ರಿ ಎಂದು ಎದ್ದು ಹೋಗಿದ್ದ ಶರಣಪ್ಪ, ತನ್ನ ಮನೆಯ ಕಟ್ಟೆಯ ಮೇಲೆ ಕೂತು ನಾಲ್ಕನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಕಣ್ಣು ಒರೆಸಿಕೊಂಡ. ಬಸ್ಸಿನ ಕೆಲಸ ಬಿಟ್ಟ ಮೇಲೆ ತನ್ನನ್ನು ಯಾರೂ ಏನೂ ಕೇಳುವುದಿಲ್ಲ ಎಂದ. ಮಗುವಿಗೆ ನೀಲಮ್ಮನ ಕೈಯಿಂದ ಉಣ್ಣಬೇಡ ಎಂದಿದ್ದ ತಾಯಿಯ ಮನೆಗೂ ಹೋದೆ. ಆಕೆಗೆ ನಿಜವಾಗಿಯೂ ಗೊತ್ತಿರಲಿಲ್ಲ. “ಅಂಟಂಗಿಲ್ಲ ಅಂತ ಆವತ್ತೇ ಬಂದು ಹೇಳಿದ್ರ ಆಗ್ತಿತ್ತಲ್ರಿ,” ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು.

ನೀಲಮ್ಮ ಮಾತ್ರ ಕೇಂದ್ರಕ್ಕೆ ಬರಲೊಲ್ಲಳು. ನಾನು ಎಲ್ಲವನ್ನೂ ಹೇಳಿದ ಮೇಲೆ ಕಲಬುರಗಿಗೆ ಕರೆಸಿ ಆಕೆಯನ್ನು ನೋಡಿದ್ದ ಮನೋವೈದ್ಯರು, ವಾರಕ್ಕೊಮ್ಮೆ ಪರದೆಯ ಮೇಲೆ ಮಾತಾಡಿದರೆ ಸಾಕು, ಅಷ್ಟು ದೂರ ಕುಂಟಿಕೊಂಡು ಬರುವುದು ಬೇಡ ಎಂದಿದ್ದರು. “ಆ ಪರದಿ ನನಗ ಬ್ಯಾಡ,” ಎಂದಳು. ಮಹಾದೇವಿ ಹೇಳಿದಳು, ಮಗಳು ಅತ್ತಳು. ನಾನು ಏನೂ ಹೇಳಲಿಲ್ಲ, ಹೇಳುವ ಮುಖ ಇರಲಿಲ್ಲ. ತೊಗರಿ ಹೂ ಬಿಟ್ಟು ಹೊಲವೆಲ್ಲ ಹಳದಿಯಾದ ಮೇಲೆ, ಒಂದು ಮಂಗಳವಾರ ಮಧ್ಯಾಹ್ನ, ಕೋಲು ಊರಿಕೊಂಡು ತಾನಾಗಿಯೇ ಬಂದಳು. ಸಾಲೆಯ ಕೆಲಸಕ್ಕೆ ಮತ್ತೆ ಹೋಗಬೇಕು, ಅದಕ್ಕೆ ಬಂದೆ ಎಂದಳು.

ನಾನು ಟ್ಯಾಬ್ಲೆಟ್ಟನ್ನು ಹಿಂದಿನ ಕೋಣೆಗೆ ಒಯ್ದೆ. ಅಷ್ಟರಲ್ಲಿ ಅಲ್ಲಿಯೂ ಸಿಗ್ನಲ್ ಬರುವ ಹಾಗೆ ವ್ಯವಸ್ಥೆ ಮಾಡಿಸಿದ್ದೆವು. ಆಕೆ ಕುರ್ಚಿಯಲ್ಲಿ ಕೂತು ಕೋಲನ್ನು ಗೋಡೆಗೆ ಆನಿಸಿದಳು. ನಾನು ಹೆಸರು, ವಯಸ್ಸು ತುಂಬಿ, ತೊಂದರೆಯ ಖಾನೆಗೆ ಬಂದು ನಿಂತೆ.

“ಏನಂತ ಬರೀಲಕ್ಕ?”

“ಏನೂ ಬರೀಬ್ಯಾಡ್ರಿ. ನಾನೇ ಹೇಳ್ತೇನಿ.”

ಖಾಲಿ ಬಿಟ್ಟು ಕಳಿಸಿದೆ. ಪರದೆಯ ಮೇಲೆ ಮನೋವೈದ್ಯರ ಮುಖ ಮೂಡಿತು. ಅವರು ನಮಸ್ಕಾರ ಎಂದರು. ನೀಲಮ್ಮ ಕೈ ಮುಗಿದು, ಬಾಯಿ ತೆರೆಯದೆ ಹಾಗೇ ಕುಳಿತಳು. ನಾನು ಆಕೆಯ ಪಕ್ಕದಲ್ಲಿ, ಯಾವಾಗಲೂ ಇರುವ ಹಾಗೆ ನಿಂತಿದ್ದೆ. ಆಕೆ ನನ್ನ ಕಡೆ ತಿರುಗಿದಳು.

“ನೀವು ಹೊರಗ ಹೋಗ್ರಿ ಸಿಸ್ಟರ್. ಬಾಗಲಾ ಮುಚ್ಚಿಕೊಂಡು ಹೋಗ್ರಿ.”

ಹೋದೆ. ಬಾಗಿಲು ಮುಚ್ಚಿ ಪಡಸಾಲೆಗೆ ಬಂದೆ. ಬೆಂಚಿನ ಮೇಲಿದ್ದ ಶರಣಪ್ಪ ಸರಿದು ಜಾಗ ಕೊಟ್ಟ. ಮುಂದಿನವರನ್ನು ಯಾವಾಗ ಕರೆಯುತ್ತೀರಿ ಎಂದು ಯಾರೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಆಕೆಯ ದನಿ ಶುರುವಾಯಿತು. ಮಾತು ತಿಳಿಯುತ್ತಿರಲಿಲ್ಲ, ದನಿ ಮಾತ್ರ ಏರುತ್ತ ಇಳಿಯುತ್ತ ನಡೆದಿತ್ತು. ನಾನು ಎದ್ದು, ಆ ದನಿಯೂ ಕೇಳಿಸದಷ್ಟು ದೂರ ರಸ್ತೆಯ ತನಕ ಹೋಗಿ ನಿಂತೆ.